ಬುಧವಾರ, ಮೂರೂವರೆಗೆ

ಹಾಜರಿದ್ದವರು: ಹೆಡ್ ಅಕ್ಕೋರು ಮಂದಾಕಿನಿ ರೇವಣಕರ,
ಗಣಿತದ ಮೇಟಿ ಮಾಸ್ತರು, ಡ್ರಿಲ್ಲಿನ ಇನಾಸ್ ರೊಡ್ರಿಗೀಸ್,
ಬಿಸಿಯೂಟದ ಬುದವಂತಿ ಹರಿಕಂತ್ರ,
ಬರೆದುಕೊಳ್ಳಲು ಕನ್ನಡದವನು, ನಾನು.
ಗೈರು: ಬೆತ್ತ.

ಅದನ್ನು ಜೂನಿನಲ್ಲೇ ಕಪಾಟಿನ ಮೇಲಕ್ಕೆ ಎಸೆದಿದ್ದೆ.
ನನಗೇ ಅನಿಸಿ ಅಲ್ಲ, ಕಾಗದ ಬಂದಿತ್ತು.
ಕಾಗದ ಓದುವುದು ಕಣ್ಣು.
ಕೈಗೆ ಯಾರು ಓದಿ ಹೇಳಬೇಕು?

ಮೊದಲ ಸಭೆಯಲ್ಲಿ ಅಕ್ಕೋರು ಭಾಷಣದ ಅಂಚಿಗೆ ಬಂದಿದ್ದರು:
"ನಾವೆಲ್ಲ ರಂಪಣಿ ಎಳೆಯುವವರ ಹಾಗೆ,
ಎರಡೂ ಹಗ್ಗ ಒಂದೇ ಸಮ, ಒಂದೇ ಉಸಿರು..."
ಬಾಗಿಲಲ್ಲಿ ನಿಂತಿದ್ದ ಬುದವಂತಿ ಸೆರಗಿಗೆ ಕೈ ಒರೆಸಿ ಅಂದಳು:
"ರಂಪಣಿ ಎಳೆದವಳು ನಾನು, ಅಕ್ಕೋರೆ.
ಅದು ಚಂದ ಕಾಣೂದು ದಂಡೆ ಮೇಲೆ ನಿಂತವ್ರಿಗೆ.
ಮೀನಿನ ಹತ್ರ ಕೇಳಿದ್ರಾ?"
ಆಮೇಲೆ ಅವಳಿಗೂ ಒಂದು ಕುರ್ಚಿ ತರಿಸಿದೆವು.
(ಇದು ನಡಾವಳಿಯಲ್ಲಿಲ್ಲ.)

ವಿಷಯ ಒಂದು: ಎಂಟನೇ ಬಿ, ದಿಗಂಬರ ತಾಂಡೇಲ.
ಹಳೆಯ ವಹಿಯಲ್ಲಿ ನನ್ನದೇ ಕೈಬರಹ:
ಉಡಾಳ, ಉಡಾಳ, ಉಡಾಳ, ಒಮ್ಮೆ ಮಹಾ ಉಡಾಳ.
ಮೇಟಿಯವರು ಗದಗಿನ ಕಡೆಯವರು. ಕಾರವಾರಕ್ಕೆ ಬಂದಂದಿನಿಂದ
ಬೆವರು ಒರೆಸುವುದೇ ಅವರ ಎರಡನೆಯ ನೌಕರಿ.
"ಉಡಾಳ ಅನ್ನೂದು ಅಂಕಿ ಏನ್ರೀ? ಕೂಡಸಾಕ ಬರತೈತೇನು?
ಎಷ್ಟೊತ್ತಿಗೆ, ಎಲ್ಲಿ, ಯಾರ ಜೋಡಿ,
ಅದನ್ನ ಬರೀರಿ."

ಒಂದು ತಿಂಗಳು ಹಾಗೆಯೇ ಬರೆದೆವು.

ನಲವತ್ತೊಂದು ಜಗಳ.
ಇಪ್ಪತ್ತಾರು ನಲ್ಲಿಯ ಬಳಿ, ಊಟ ಮುಗಿದ ಹತ್ತು ನಿಮಿಷದೊಳಗೆ.
ನಾಲ್ಕು ನಲ್ಲಿ. ನೀರು ಬರುವುದು ಒಂದರಲ್ಲಿ.
ಎಂಜಲು ತಟ್ಟೆ ಹಿಡಿದ ನೂರ ಎಂಬತ್ತು ಮಕ್ಕಳು.
ಇನಾಸ್ ಸಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತ:
"ಒಂಬತ್ತು ವರ್ಷ ಅಲ್ಲೇ ನಿಂತು ಮಕ್ಕಳಿಗೆ ಊದಿದೆ.
ಪೈಪಿಗೆ ಊದಬೇಕಿತ್ತು."

ದಿಗಂಬರನವು ಹನ್ನೆರಡು.
ಅದರಲ್ಲಿ ಒಂಬತ್ತು ಮೊದಲ ಪೀರಿಯಡ್ಡಿನಲ್ಲಿ.
ಮೊದಲ ಪೀರಿಯಡ್ಡು ನನ್ನದು.
ಯಾರೂ ನನ್ನ ಮುಖ ನೋಡಲಿಲ್ಲ.
ಹೊರಗೆ ಬೈತಖೋಲ ಬಂದರಿನಲ್ಲಿ ಯಾವುದೋ ಬೋಟಿನ ಎಂಜಿನ್
ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.

ಬುದವಂತಿಯೇ ಹೇಳಿದಳು:
"ಮೂರು ಗಂಟೆ ರಾತ್ರಿಗೆ ಆ ಪೋರ ಧಕ್ಕೆ ಮೇಲೆ ಇರ್ತಾನೆ,
ಮಾವನ ಬೋಟಿಗೆ ಬರ್ಫ ಒಡೀಲಿಕ್ಕೆ.
ನಿಮ್ಮ ಕ್ಲಾಸಲ್ಲಿ ನಿದ್ದೆ ಹತ್ತೂದು.
ನೀವು ಬೆಂಚಿಗೆ ಡಸ್ಟರ್ ಬಡೀತ್ರಿ, ಅವ ಕೈ ಬೀಸ್ತಾ ಏಳ್ತಾನೆ.
ಅವ ಹೊಡೆಯೂದು ಪಕ್ಕದ ಹುಡುಗನ್ನಲ್ಲ ಮಾಸ್ತರೆ,
ಬರ್ಫ."

ತೀರ್ಮಾನ: ಮೂರು ನಲ್ಲಿಗೆ ವಾಶರ್, ನೂರ ಅರವತ್ತು ರೂಪಾಯಿ.
(ಮೇಟಿಯವರು ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದರು.)
ಎಂಟನೇ ಬಿಗೆ ಮೊದಲು ಡ್ರಿಲ್ಲು, ಆಮೇಲೆ ಕನ್ನಡ.
ಅವನ ಅವ್ವನ ಹತ್ತಿರ ಇನಾಸ್ ಕೊಂಕಣಿಯಲ್ಲಿ ಮಾತಾಡುವುದು.
ಪ್ರತಿಯೊಬ್ಬರೂ ದಿನಕ್ಕೊಂದು ಒಳ್ಳೆಯ ಮಾತು ಅವನಿಗೆ ಹೇಳುವುದು,
ಆದರೆ ಅದು ನಿಜವಾಗಿರತಕ್ಕದ್ದು.
ಕೊನೆಯ ಷರತ್ತು ಬುದವಂತಿಯದು:
"ಸುಳ್ಳು ಹೇಳಿದ್ರೆ ಮಕ್ಕಳ ನಾಲಿಗೆಗೆ ತಿಳೀತದೆ."

ಎರಡು ದಿನ ನನಗೆ ಒಂದೂ ಸಿಗಲಿಲ್ಲ.
ಮೂವತ್ತು ವರ್ಷ ವಿಶೇಷಣ ಕಲಿಸಿದವನಿಗೆ.

ಮೂರನೆಯ ದಿನ ನಕಾಶೆಯ ದಾರ ಹರಿಯಿತು.
ಅವನು ಎದ್ದು ಬಂದು, ಕೇಳದೆ, ಗಂಟು ಹಾಕಿದ.
ಜಗ್ಗಿದೆ. ಜಾರಲಿಲ್ಲ.
"ಗಂಟು ಗಟ್ಟಿ ಹಾಕ್ತೀಯ ದಿಗಂಬರ" ಅಂದೆ.
ಅವನು ಮೊದಲು ನನ್ನ ಕೈ ನೋಡಿದ.
ಮುಖ ಆಮೇಲೆ.

ಈ ತಿಂಗಳು ಹತ್ತೊಂಬತ್ತು. ಸೊನ್ನೆಯಲ್ಲ.
ಅವ್ವ ಇನಾಸನಿಗೆ ಚಹಾ ಕೊಟ್ಟು ಹೇಳಿದಳಂತೆ:
ಮಳೆಗಾಲಕ್ಕೆ ಬೋಟು ನಿಲ್ತದೆ, ಆಗ ಮಲಗ್ತಾನೆ ಬಿಡಿ.
ಮಳೆಗಾಲಕ್ಕೆ ಇನ್ನೂ ಆರು ತಿಂಗಳು.
ಮಾವನನ್ನು ಕಾಣಲು ಈ ಭಾನುವಾರ
ಅಕ್ಕೋರೂ ಬರುತ್ತಾರಂತೆ ಧಕ್ಕೆಗೆ.

ವಿಷಯ ಎರಡು: ನಾಲ್ಕನೆಯ ನಲ್ಲಿ ಮತ್ತೆ ಸೋರುತ್ತಿದೆ.